ಜ್ವರ ಬಿಟ್ಟ ಮೇಲಿನ ಹನ್ನೊಂದು ದಿನ



ಮಲೇರಿಯ ಜ್ವರಕ್ಕೆ ಮದ್ದಿಲ್ಲ ಎನ್ನುವ ಕಾಲ ಎಂದೋ ಹೋಯಿತು. ಮದ್ದಿದೆ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಗೂ ಕಾಸು ಕೇಳುವುದಿಲ್ಲ, ಮಾತ್ರೆಗೂ ಕೇಳುವುದಿಲ್ಲ. ಹೀಗಿದ್ದೂ ಒಮ್ಮೆ ಗುಣವಾಗಿ ಎದ್ದ ಮನುಷ್ಯ ಎರಡು ಮೂರು ತಿಂಗಳಲ್ಲಿ ಅದೇ ಚಳಿ, ಅದೇ ನಡುಕ, ಅದೇ ಬೆವರಿನೊಂದಿಗೆ ಮತ್ತೆ ಹಾಸಿಗೆ ಹಿಡಿಯುವುದುಂಟು. ಕ್ಲಿನಿಕ್ಕಿನವರನ್ನು ಕೇಳಿದರೆ, "ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ" ಎನ್ನುತ್ತಾರೆ. ರೋಗಿಯನ್ನು ಕೇಳಿದರೆ, "ಜ್ವರ ಬಿಟ್ಟಿತ್ತಲ್ಲ ಫಾದರ್" ಎನ್ನುತ್ತಾನೆ. ಇಬ್ಬರ ಮಾತೂ ನಿಜವೇ. ಆದರೆ ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ. ಮಾತ್ರೆ ಕೊಡುವ ಕೈ, ಕೂಲಿ ಕೊಡುವ ಕೈ, ಅನ್ನ ಬಡಿಸುವ ಕೈ, ಈ ಮೂರೂ ಸೇರಿದರೆ ಮಾತ್ರ ಮಲೇರಿಯದ ಚಿಕಿತ್ಸೆ ಪೂರ್ತಿಯಾಗುತ್ತದೆ. ಈ ತಿಂಗಳು ಇದನ್ನೇ ನಿಮ್ಮ ಮುಂದೆ ಇಡಬಯಸುತ್ತೇವೆ.

ನಮ್ಮ ಸೀಮೆಗೆ ಈ ಮಾತು ಏಕೆ?

ಕೊಯಮತ್ತೂರು ಸೀಮೆಯಲ್ಲಿ ಹಿಂದಿನಂತೆ ಮಲೇರಿಯ ಇಲ್ಲ, ನಿಜ. ಅದಕ್ಕಾಗಿ ದೇವರಿಗೆ ವಂದನೆ. ಆದರೆ ಶರವಣಂಪಟ್ಟಿಯನ್ನು ಒಮ್ಮೆ ನೋಡಿ. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ಗಣಕಯಂತ್ರದ ಕಂಪೆನಿಗಳ ಗಾಜಿನ ಕಟ್ಟಡಗಳು ನಿಂತಿವೆ. ಕಟ್ಟುವ ಕೆಲಸ ಇನ್ನೂ ಮುಗಿದಿಲ್ಲ. ಸತ್ಯಮಂಗಲದ ರಸ್ತೆಯಲ್ಲಿ ಕೋವಿಲ್‌ಪಾಳಯಂ, ಅನ್ನೂರು ಕಡೆಗೆ ಹೋದರೆ ತೋಟಗಳಲ್ಲಿ, ಕೋಳಿ ಫಾರಂಗಳಲ್ಲಿ, ನೂಲಿನ ಗಿರಣಿಗಳಲ್ಲಿ ದುಡಿಯುವವರು ಬಹುಮಂದಿ ಉತ್ತರದ ಕಡೆಯವರು. ಅವರಲ್ಲಿ ಒಡಿಶಾ, ಜಾರ್ಖಂಡ್, ಛತ್ತೀಸಗಢದವರೂ ಇದ್ದಾರೆ. ದೇಶದಲ್ಲಿ ಮಲೇರಿಯ ಹೆಚ್ಚಾಗಿರುವ ರಾಜ್ಯಗಳೂ ಇವೇ. ಊರಿಗೆ ಹೋಗಿ ಬರುವಾಗ ಅವರ ರಕ್ತದಲ್ಲಿ ಜ್ವರವೂ ಬರಬಹುದು. ಅದು ಅವರ ತಪ್ಪಲ್ಲ; ಬಡವನ ಬೆನ್ನಿಗೆ ಬಿದ್ದ ಇನ್ನೊಂದು ಹೊರೆ, ಅಷ್ಟೆ.

ಜ್ವರವನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಯ್ಯುವ ಅನಾಫಿಲಿಸ್ ಸೊಳ್ಳೆ ನಮ್ಮಲ್ಲೂ ಇದೆ. ಈ ಜಾತಿಯಲ್ಲಿ ಸ್ಟೀಫನ್ಸಿ ಎಂಬುದು ಕೊಳಚೆಯಲ್ಲಿ ಅಲ್ಲ, ಶುದ್ಧ ನೀರಿನಲ್ಲಿ ಮೊಟ್ಟೆ ಇಡುತ್ತದೆ: ಬಾವಿ, ಮುಚ್ಚಳವಿಲ್ಲದ ನೀರಿನ ಟ್ಯಾಂಕು, ಕಟ್ಟಡದ ಗಾರೆ ಹದಗೊಳ್ಳಲು ನಿಲ್ಲಿಸಿದ ನೀರು. ರೋಗಿಯೂ ಇದ್ದು, ಸೊಳ್ಳೆಯೂ ಇದ್ದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ರೋಗಿಯ ರಕ್ತ ಶುದ್ಧವಾಯಿತೋ ಇಲ್ಲವೋ? ಅದನ್ನು ನಿರ್ಧರಿಸುವುದು ಮಾತ್ರೆಯ ಕೊನೆಯ ದಿನ, ಜ್ವರದ ಕೊನೆಯ ದಿನವಲ್ಲ.

ಮಂಗಳೂರಿನ ಉದಾಹರಣೆ ನಮಗೆ ಪಾಠವಾಗಬೇಕು. 1990ರ ದಶಕದಲ್ಲಿ ಅಲ್ಲಿ ಕಟ್ಟಡದ ಕೆಲಸ ಏರಿದಂತೆ ಮಲೇರಿಯವೂ ಏರಿ, ಮುಂದೆ ಹಲವು ವರ್ಷ ಕರ್ನಾಟಕದ ಮಲೇರಿಯ ರೋಗಿಗಳಲ್ಲಿ ದೊಡ್ಡ ಪಾಲು ಆ ಒಂದು ಜಿಲ್ಲೆಯದೇ ಆಯಿತು. 2015ರಲ್ಲಿ ಅಲ್ಲಿ ಹೊಸ ಕ್ರಮ ತಂದರು. ರೋಗಿಯ ಹೆಸರು ಸಿಕ್ಕಿದೊಡನೆ ಕೈಗಣಕ ಹಿಡಿದ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ, ಸುತ್ತಲಿನ ನೀರನ್ನೂ ನೋಡಿ, ರೋಗಿಯ ಚಿಕಿತ್ಸೆ ಮುಗಿಯಿತೇ ಎಂಬುದನ್ನೂ ದಾಖಲು ಮಾಡತೊಡಗಿದರು. ಮುಂದಿನ ವರ್ಷಗಳಲ್ಲಿ ರೋಗ ಬಹಳ ಇಳಿಯಿತು. ಸೊಳ್ಳೆಯನ್ನೂ ರೋಗಿಯನ್ನೂ ಒಟ್ಟಿಗೆ ಹಿಂಬಾಲಿಸಿದ್ದರಿಂದ ಬಂದ ಫಲ ಅದು.

ಜೇಕಿನ ಗಡ್ಡೆ

ಜ್ವರ ಬಿಟ್ಟ ಮೇಲೂ ಮಾತ್ರೆ ಏಕೆ ಎಂಬುದನ್ನು ಬೇಸಾಯಗಾರನಿಗೆ ವಿವರಿಸುವುದು ಕಷ್ಟವಲ್ಲ. ಹೊಲದಲ್ಲಿ ಜೇಕು ಬೆಳೆಯುತ್ತದಲ್ಲ, ತಮಿಳಿನವರು ಕೋರೆ ಎನ್ನುವ ಹುಲ್ಲು? ಮೇಲಿನ ಹುಲ್ಲನ್ನು ಕೊಯ್ದರೆ ಹೊಲ ಶುದ್ಧವಾಗಿ ಕಾಣುತ್ತದೆ. ಗಡ್ಡೆ ಮಣ್ಣಿನಲ್ಲಿ ಉಳಿದಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮತ್ತೆ ತಲೆ ಎತ್ತುತ್ತದೆ.

ವೈವಾಕ್ಸ್ ಎಂಬ ಜಾತಿಯ ಮಲೇರಿಯವೂ ಹೀಗೆಯೇ. ಅದರ ರೋಗಾಣುಗಳಲ್ಲಿ ಕೆಲವು ರಕ್ತದಲ್ಲಿ ಓಡಾಡಿ ಚಳಿಜ್ವರ ತರುತ್ತವೆ. ಇನ್ನು ಕೆಲವು ಪಿತ್ತಜನಕಾಂಗದಲ್ಲಿ ನಿದ್ದೆ ಮಾಡುತ್ತಿರುತ್ತವೆ. ಕ್ಲೋರೋಕ್ವಿನ್ ಮಾತ್ರೆ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಅದು ಮೇಲಿನ ಹುಲ್ಲು ಕೊಯ್ದಂತೆ. ನಿದ್ದೆಯಲ್ಲಿರುವುದನ್ನು ಅದು ಮುಟ್ಟುವುದಿಲ್ಲ. ಅದಕ್ಕೆ ಪ್ರೈಮಾಕ್ವಿನ್ ಎಂಬ ಇನ್ನೊಂದು ಮಾತ್ರೆ ಬೇಕು. ಅದೇ ಗಡ್ಡೆ ಕೀಳುವ ಕೆಲಸ.

ನಮ್ಮ ದೇಶದ ಪದ್ಧತಿಯಲ್ಲಿ ವೈವಾಕ್ಸ್ ಬಂದ ದೊಡ್ಡವರಿಗೆ ಕ್ಲೋರೋಕ್ವಿನ್ 3 ದಿನ: ಮೊದಲ ದಿನ 4, ಎರಡನೆಯ ದಿನ 4, ಮೂರನೆಯ ದಿನ 2, ಒಟ್ಟು 10 ಮಾತ್ರೆ. ಪ್ರೈಮಾಕ್ವಿನ್ ದಿನಕ್ಕೊಮ್ಮೆ 14 ದಿನ. ಮಕ್ಕಳಿಗೆ ವಯಸ್ಸು, ತೂಕ ನೋಡಿ ಕಡಿಮೆ. ಇದು ತಿಳುವಳಿಕೆಗಾಗಿ ಹೇಳಿದ ಲೆಕ್ಕ. ನಿಮ್ಮ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸಾಮಾನ್ಯವಾಗಿ ಮೂರನೆಯ ದಿನದ ಹೊತ್ತಿಗೆ ಜ್ವರ ಇಳಿದಿರುತ್ತದೆ, ಬಾಯಿ ರುಚಿ ಬಂದಿರುತ್ತದೆ. ಅಂದರೆ ಮೈಯಲ್ಲಿ ಯಾವ ನೋವೂ ಇಲ್ಲದೆ ಮಾತ್ರೆ ನುಂಗಬೇಕಾದ ದಿನಗಳು ಇನ್ನೂ ಹನ್ನೊಂದು. ಮಲೇರಿಯ ನಿಜವಾಗಿ ಗುಣವಾಗುವುದು, ಇಲ್ಲವೆ ಮರಳಿ ಬರುವುದಕ್ಕೆ ಕಾದು ಕೂರುವುದು, ಈ ಹನ್ನೊಂದು ದಿನಗಳಲ್ಲಿಯೇ.

ಫಾಲ್ಸಿಪಾರಂ ಎಂಬ ಇನ್ನೊಂದು ಜಾತಿ ಹೆಚ್ಚು ಅಪಾಯಕರ. ತಲೆಗೇರಿದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೆ ಆರ್ಟಿಸುನೇಟ್ ಸೇರಿದ ಜೋಡಿ ಔಷಧ 3 ದಿನ. ಇಲ್ಲಿಯೂ ಒಂದು ಹೊತ್ತು ಬಿಡುವಂತಿಲ್ಲ. ಅದರೊಂದಿಗೆ ಎರಡನೆಯ ದಿನ ಪ್ರೈಮಾಕ್ವಿನ್ ಒಂದೇ ಸಲ ಕೊಡುತ್ತಾರೆ. ಈ ಒಂದು ಸಲದ ಮಾತ್ರೆಯ ವಿಶೇಷ ಕೇಳಿ: ಅದು ರೋಗಿಯ ಜ್ವರ ಇಳಿಸುವುದಕ್ಕಲ್ಲ. ಅವನ ರಕ್ತದಿಂದ ಸೊಳ್ಳೆಗೆ, ಸೊಳ್ಳೆಯಿಂದ ಇನ್ನೊಬ್ಬರಿಗೆ ರೋಗ ದಾಟದಂತೆ ತಡೆಯುವುದಕ್ಕೆ. ನೆರೆಯವನಿಗಾಗಿ ನುಂಗುವ ಮಾತ್ರೆ ಎಂದರೆ ಇದೇ. "ನೆರೆಯವನನ್ನು ಪ್ರೀತಿಸು" ಎಂಬುದಕ್ಕೆ ಇದಕ್ಕಿಂತ ಚಿಕ್ಕ ಕೆಲಸ ಇನ್ನೊಂದಿರಲಾರದು.

ಅರೆಬರೆ ಔಷಧ ಏನು ಮಾಡುತ್ತದೆ ಎಂಬುದು ಹತ್ತಿ ಬೆಳೆದವರಿಗೆ ಗೊತ್ತು. ಕಾಯಿಕೊರಕ ಹುಳುವಿಗೆ ಅಳತೆ ತಪ್ಪಿ, ಹೊತ್ತು ತಪ್ಪಿ ಸಿಂಪಡಿಸುತ್ತ ಬಂದು ಕೊನೆಗೆ ಯಾವ ಮದ್ದಿಗೂ ಅದು ಬಗ್ಗದಂತಾಯಿತು. ಮಲೇರಿಯದ ರೋಗಾಣುವೂ ಅಷ್ಟೆ. ಫಾಲ್ಸಿಪಾರಂ ಕ್ಲೋರೋಕ್ವಿನ್‌ಗೆ ಬಗ್ಗದಿರುವುದು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1973ರಲ್ಲಿ ಅಸ್ಸಾಮಿನಲ್ಲಿ. ಇಂದು ಆ ಜಾತಿಗೆ ಕ್ಲೋರೋಕ್ವಿನ್ ಕೊಡುವುದೇ ಇಲ್ಲ. ಈಗಿರುವ ಜೋಡಿ ಔಷಧವನ್ನೂ ಕಳೆದುಕೊಂಡರೆ ಮುಂದೇನು?

ದೇಶವೂ ಮಾತ್ರೆ ನಿಲ್ಲಿಸಿತ್ತು

ಜ್ವರ ಬಿಟ್ಟಿತೆಂದು ಸುಮ್ಮನಾಗುವುದು ಬಡ ರೋಗಿಯ ದುರ್ಗುಣವಲ್ಲ, ಮನುಷ್ಯ ಸ್ವಭಾವ. ಇಡೀ ದೇಶವೇ ಒಮ್ಮೆ ಹಾಗೆ ಮಾಡಿದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1958ರಲ್ಲಿ ಅದನ್ನು ನಿರ್ಮೂಲನ ಕಾರ್ಯಕ್ರಮವಾಗಿ ಮಾಡಿದರು. ಸ್ವಾತಂತ್ರ್ಯದ ಕಾಲದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರನ್ನು ಕಾಡುತ್ತಿದ್ದ ರೋಗ 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಇನ್ನೇನು, ಗೆದ್ದೆವು ಎಂದುಕೊಂಡರು. ಎಚ್ಚರ ಸಡಿಲವಾಯಿತು, ಸೊಳ್ಳೆ ಔಷಧದ ಪೂರೈಕೆ ತಪ್ಪಿತು, ಸೊಳ್ಳೆಯೂ ಔಷಧಕ್ಕೆ ಒಗ್ಗಿಕೊಂಡಿತು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ. ಮೂರನೆಯ ದಿನ ಮಾತ್ರೆ ಬಿಟ್ಟ ರೋಗಿಯ ಕಥೆಗೂ ಇದಕ್ಕೂ ಏನು ವ್ಯತ್ಯಾಸ? 2027ರೊಳಗೆ ದೇಶದೊಳಗೆ ಹುಟ್ಟುವ ಮಲೇರಿಯವನ್ನು ಇಲ್ಲವಾಗಿಸಬೇಕು, 2030ರ ಹೊತ್ತಿಗೆ ನಿರ್ಮೂಲನ ಮಾಡಬೇಕು ಎಂಬ ಗುರಿಯನ್ನು ಸರ್ಕಾರ ಇಟ್ಟುಕೊಂಡಿದೆ. ಸಂಖ್ಯೆ ಇಳಿದಿರುವ ಈ ಹೊತ್ತಿನಲ್ಲಿಯೇ ಎಚ್ಚರ ಹೆಚ್ಚಬೇಕು.

ಮಾತ್ರೆ ತಪ್ಪುವುದು ಎಲ್ಲಿ?

ಮನೆಗಳನ್ನು ಸಂದರ್ಶಿಸುವಾಗ ನಾವು ಕಂಡು ಕೇಳಿದ ಕಾರಣಗಳು ಇವು.

ಮೊದಲನೆಯದು ಹೊಟ್ಟೆ. ಜ್ವರದವನಿಗೆ ಅನ್ನ ಹಾಕಬಾರದು ಎಂಬ ಪಥ್ಯ ನಮ್ಮ ಹಿರಿಯರದು. ಬರಿ ಹೊಟ್ಟೆಯಲ್ಲಿ ಈ ಮಾತ್ರೆಗಳನ್ನು ನುಂಗಿದರೆ ಓಕರಿಕೆ, ಹೊಟ್ಟೆನೋವು. ಆಗ "ಮಾತ್ರೆ ಉಷ್ಣ, ಮೈಗೆ ಆಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಆಗದಿದ್ದದ್ದು ಮಾತ್ರೆಯಲ್ಲ, ಬರಿ ಹೊಟ್ಟೆ. ಗಂಜಿಯೋ ಮೊಸರನ್ನವೋ ಉಂಡು ನುಂಗಿದರೆ ಬಹುಪಾಲು ತೊಂದರೆ ಇರುವುದಿಲ್ಲ. ತಪಸ್ಸುಕಾಲದ ಉಪವಾಸವೂ ರೋಗಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಎರಡನೆಯದು ಕೂಲಿ. ದಿನಗೂಲಿಯವನು ನಾಲ್ಕನೆಯ ದಿನ ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೊರಡುತ್ತಾನೆ. ಮಾತ್ರೆ ಗೂಡಿನಲ್ಲಿ, ಅವನು ತೋಟದಲ್ಲಿ.

ಮೂರನೆಯದು ಹಂಚಿಕೊಳ್ಳುವುದು. ಅಣ್ಣನಿಗೆ ಕೊಟ್ಟ ಮಾತ್ರೆಯಲ್ಲಿ ಅರ್ಧವನ್ನು ತಮ್ಮನ ಜ್ವರಕ್ಕೆ ಕೊಡುವುದು, ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುವುದು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಇಬ್ಬರಿಗೂ ಗುಣವಾಗುವುದಿಲ್ಲ. ತಮ್ಮನ ಜ್ವರ ಮಲೇರಿಯವೋ ಡೆಂಗಿಯೋ ಎಂಬುದು ರಕ್ತ ನೋಡದೆ ತಿಳಿಯುವುದೂ ಇಲ್ಲ.

ನಾಲ್ಕನೆಯದೇ ಮುಖ್ಯ: ಹೇಳಿದ್ದು ಅರ್ಥವಾಗದಿರುವುದು. ಜನ ತುಂಬಿದ ಕ್ಲಿನಿಕ್ಕು. ಮೈ ನಡುಗುತ್ತಿರುವ ರೋಗಿ. ಕಿಟಕಿಯ ಆಚೆಯಿಂದ ಒಂದು ಕಾಗದದ ಲಕೋಟೆ, ಅದರ ಮೇಲೆ ಅವಸರದಲ್ಲಿ ಎಳೆದ ಗೀಟು. ತಮಿಳು ಓದಲು ಬಾರದ ನಮ್ಮ ಅಜ್ಜಿಗೂ, ಒಡಿಯಾ ಬಿಟ್ಟು ಬೇರೆ ತಿಳಿಯದ ಕೂಲಿಯ ಹುಡುಗನಿಗೂ ಆ ಲಕೋಟೆ ಒಂದೇ. ಯಾವ ಮಾತ್ರೆ ಮೂರು ದಿನದ್ದು, ಯಾವುದು ಹದಿನಾಲ್ಕು ದಿನದ್ದು ಎಂದು ಅವರು ಹೇಗೆ ತಿಳಿಯಬೇಕು? ಇದನ್ನು ಅಲಕ್ಷ್ಯ ಎಂದು ಕರೆಯುವ ಮೊದಲು ನಾವು ಯೋಚಿಸಬೇಕು.

ಮದ್ದಿನಷ್ಟೇ ಮುಖ್ಯ ಅದರ ವಿಧಿ ಎಂಬುದು ಹೊಸ ಮಾತಲ್ಲ. ಕ್ವಿನೈನ್ ಬರುವ ಸಿಂಕೋನಾ ಮರದ ತೊಗಟೆಯನ್ನು ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದಿಂದ ಯುರೋಪಿಗೆ ತಂದು ಹರಡಿದವರಲ್ಲಿ ಯೇಸುಸಭೆಯ ಗುರುಗಳು ಮುಖ್ಯರು. ಜನ ಅದನ್ನು "ಯೇಸುಸಭೆಯವರ ಪುಡಿ" ಎಂದೇ ಕರೆದರು. ರೋಮಿನಲ್ಲಿ ಅದನ್ನು ಹಂಚುವಾಗ ಬರಿಯ ಪುಡಿ ಕೊಟ್ಟು ಕಳುಹಿಸಲಿಲ್ಲ. ಎಷ್ಟು, ಯಾವಾಗ, ಹೇಗೆ ತೆಗೆದುಕೊಳ್ಳಬೇಕು ಎಂದು ಬರೆದ ಚೀಟಿಯನ್ನೂ ಅಚ್ಚು ಹಾಕಿಸಿದರು. ಮುಂದೆ ಬ್ರಿಟಿಷರು ಆ ಮರವನ್ನು ನಮ್ಮ ನೀಲಗಿರಿಗೂ ತಂದು ಬೆಳೆಸಿದರು. ವಾಲ್ಪಾರೈ ಬೆಟ್ಟದಲ್ಲಿ ಸಿಂಕೋನಾ ಎಂಬ ಹೆಸರಿನ ಜಾಗ ಇಂದಿಗೂ ಇದೆ.

ಯಾರು ಏನು ಮಾಡಬೇಕು?

ಕ್ಲಿನಿಕ್ಕಿನವರಲ್ಲಿ ನಮ್ಮ ವಿನಂತಿ ಇಷ್ಟು. ಮೊದಲ ಹೊತ್ತಿನ ಮಾತ್ರೆಯನ್ನು ನಿಮ್ಮ ಕಣ್ಣೆದುರಿಗೇ ನುಂಗಿಸಿ. ಸ್ವಲ್ಪ ಹೊತ್ತು ಕೂರಿಸಿ, ವಾಂತಿಯಾದರೆ ಏನು ಮಾಡಬೇಕೆಂದು ನೋಡಿ. "ಅರ್ಥವಾಯಿತಾ?" ಎಂದು ಕೇಳಬೇಡಿ, ಎಲ್ಲರೂ ತಲೆಯಾಡಿಸುತ್ತಾರೆ. "ನಾಳೆ ಎಷ್ಟು ನುಂಗುತ್ತೀರಿ, ಹೇಳಿ ನೋಡೋಣ" ಎಂದು ಕೇಳಿ. ಲಕೋಟೆಯ ಮೇಲೆ ಕೊನೆಯ ಮಾತ್ರೆಯ ತಾರೀಕನ್ನು ದೊಡ್ಡದಾಗಿ ಬರೆಯಿರಿ. ನಾಲ್ಕನೆಯ ದಿನವೂ ಹತ್ತನೆಯ ದಿನವೂ ಒಂದು ಫೋನು ಮಾಡಿ. ಮನೆಗೆ ಹೋಗುವ ಗ್ರಾಮ ಆರೋಗ್ಯ ದಾದಿಯರಿಗೆ ಆ ಹೆಸರು ತಿಳಿಸಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೆ ಮುಟ್ಟಿಸುವ "ಮಕ್ಕಳೈ ತೇಡಿ ಮರುತ್ತುವಂ" ಯೋಜನೆಯನ್ನು 2021ರಲ್ಲಿ ಆರಂಭಿಸಿದ ರಾಜ್ಯ ನಮ್ಮದು. ಹದಿನಾಲ್ಕು ದಿನದ ಮಲೇರಿಯ ರೋಗಿಯ ಮನೆಗೆ ಎರಡು ಸಲ ಹೋಗುವುದು ಇಲ್ಲಿ ಆಗದ ಮಾತಲ್ಲ.

"ದೊಡ್ಡವರಿಗೂ ಮಗುವಿಗೆ ನುಂಗಿಸುವಂತೆ ನುಂಗಿಸಬೇಕೇ?" ಎಂದು ಕೆಲವರು ಕೇಳಬಹುದು. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಸಂಶೋಧನೆಯ ಕೇಂದ್ರ ಆರಂಭವಾದಾಗ, ಬಡವರ ಮನೆಯಲ್ಲಿ ಕ್ಷಯ ಗುಣವಾಗಲಾರದು, ಆಸ್ಪತ್ರೆಯೇ ಬೇಕು ಎಂಬುದು ಎಲ್ಲರ ನಂಬಿಕೆಯಾಗಿತ್ತು. ಅಲ್ಲಿಯವರು ಕೆಲವರನ್ನು ಆಸ್ಪತ್ರೆಯಲ್ಲಿಟ್ಟು, ಕೆಲವರನ್ನು ಮನೆಯಲ್ಲೇ ಇರಿಸಿ ಅದೇ ಔಷಧ ಕೊಟ್ಟರು. ಮನೆಯಲ್ಲಿದ್ದವರನ್ನು ಆಗಾಗ ಹೋಗಿ ನೋಡಿದರು, ಮಾತ್ರೆಯ ಲೆಕ್ಕ ಇಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಇದು ಲೋಕಕ್ಕೆಲ್ಲ ದಾರಿ ತೋರಿಸಿತು. ಬಡವನಿಗೆ ಬೇಕಾದದ್ದು ಬೈಗುಳವಲ್ಲ, ಬಂದು ವಿಚಾರಿಸುವ ಒಬ್ಬ ಮನುಷ್ಯ. ಹೀಗೆ ವಿಚಾರಿಸುವುದು ಕಾವಲಲ್ಲ, ಆದರ.

ಮನೆಯವರಿಗೆ ಹೇಳುವುದು: ಮನೆಯಲ್ಲಿ ಒಬ್ಬರು ಮಾತ್ರೆಯ ಜವಾಬ್ದಾರಿ ಹೊರಲಿ. ತಾಯಿಯೇ ಆಗಬೇಕೆಂದಿಲ್ಲ; ಶಾಲೆಗೆ ಹೋಗುವ ಮಗಳಾದರೂ ಸರಿ. ಧರ್ಮಕೇಂದ್ರದ ಕ್ಯಾಲೆಂಡರ್ ಎಲ್ಲರ ಗೋಡೆಯ ಮೇಲೂ ಇದೆ. ಮಾತ್ರೆ ನುಂಗಿದ ದಿನಕ್ಕೆ ಒಂದು ಗುರುತು ಹಾಕಿ. ಒಂಬತ್ತು ದಿನಗಳ ನವೇನವನ್ನು ಒಂದು ದಿನವೂ ತಪ್ಪದೆ ನಡೆಸುವ ನಮಗೆ ಹದಿನಾಲ್ಕು ದಿನದ ಲೆಕ್ಕ ದೊಡ್ಡದಲ್ಲ. ಸಂಜೆಯ ಜಪಸರದ ಹೊತ್ತಿಗೂ ಊಟದ ಹೊತ್ತಿಗೂ ಮಾತ್ರೆಯನ್ನು ಸೇರಿಸಿಕೊಂಡರೆ ಮರೆಯುವುದಿಲ್ಲ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಕ್ಲಿನಿಕ್ಕಿಗೆ ತಿಳಿಸಿ; ಮತ್ತೆ ಕೊಡಬೇಕಾದೀತು. ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಬೇಡಿ, ಕೇಳಿ ಮುಂದುವರಿಸಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಎಲ್ಲರೂ ನೆನಪಿಡಬೇಕು. ಜಿ-6-ಪಿ.ಡಿ. ಎಂಬ ಅಂಶ ಹುಟ್ಟಿನಿಂದಲೇ ಕಡಿಮೆಯಿರುವ ಕೆಲವರಿಗೆ ಪ್ರೈಮಾಕ್ವಿನ್ ರಕ್ತವನ್ನು ಕೆಡಿಸಬಹುದು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಉಸಿರು ಕಟ್ಟಿದಂತಾದರೆ ಆ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸಿಗೂ ಪ್ರೈಮಾಕ್ವಿನ್ ಕೊಡುವುದಿಲ್ಲ. ಮೊಲೆಯೂಡುವ ತಾಯಂದಿರು ವೈದ್ಯರಿಗೆ ಮೊದಲೇ ತಿಳಿಸಬೇಕು. ಯಾವ ಮಲೇರಿಯದಲ್ಲಿಯಾದರೂ ರೋಗಿ ಬಡಬಡಿಸಿದರೆ, ಸೆಳೆತ ಬಂದರೆ, ನೀರೂ ಇಳಿಯದಿದ್ದರೆ, ಮೂತ್ರ ಕಟ್ಟಿದರೆ ಒಂದು ಗಳಿಗೆಯೂ ತಡ ಮಾಡಬಾರದು. "ಪೂರ್ತಿ ನುಂಗಿ" ಎಂಬ ಮಾತಿನಷ್ಟೇ "ಇಂಥ ಹೊತ್ತಿನಲ್ಲಿ ನಿಲ್ಲಿಸಿ, ಓಡಿ ಬನ್ನಿ" ಎಂಬ ಮಾತೂ ಚಿಕಿತ್ಸೆಯ ಭಾಗವೇ.

ಕೊನೆಯದಾಗಿ, ತೋಟದ ಯಜಮಾನರಿಗೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಕೆಲಸದವನಿಗೆ ಜ್ವರ ಬಂದರೆ ಲೆಕ್ಕ ಚುಕ್ತಾ ಮಾಡಿ ರೈಲು ಹತ್ತಿಸುವುದು ಸುಲಭ. ಅರ್ಧ ಚಿಕಿತ್ಸೆಯಲ್ಲಿ ಹೋದವನು ದಾರಿಯಲ್ಲಿ ಮಲಗುತ್ತಾನೆ, ಇಲ್ಲವೆ ಊರಲ್ಲಿ ಮಲಗುತ್ತಾನೆ, ಇಲ್ಲವೆ ಗಡ್ಡೆ ಉಳಿಸಿಕೊಂಡೇ ಇನ್ನೊಬ್ಬರ ತೋಟಕ್ಕೆ ಬರುತ್ತಾನೆ. ಹಸುವಿಗೆ ಕಾಲುಬಾಯಿ ಜ್ವರ ಬಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿ ಆರೈಕೆ ಮಾಡುವವರು ನೀವು. ಮನುಷ್ಯನಿಗೆ ಅಷ್ಟೂ ಬೇಡವೇ? ಮೂರು ನಾಲ್ಕು ದಿನ ಕೂಲಿ ಕಡಿಯದೆ ಮಲಗಲು ಬಿಡಿ. ಬೆಳಗ್ಗೆ ಕೆಲಸಕ್ಕೆ ಮೊದಲು ಒಂದು ತುತ್ತು ಹಾಕಿ, ಮಾತ್ರೆ ಆಯಿತೇ ಎಂದು ಕೇಳಿ. ಮಲಗಲು ಸೊಳ್ಳೆಪರದೆ ಕೊಡಿ. ಊರಿಗೆ ಹೋಗಲೇಬೇಕೆಂದರೆ ಉಳಿದ ಮಾತ್ರೆಯನ್ನೂ ಕ್ಲಿನಿಕ್ಕಿನ ಚೀಟಿಯನ್ನೂ ಅವನ ಕೈಯಲ್ಲಿ ಕೊಟ್ಟು ಕಳುಹಿಸಿ. ಬಾವಿಗೆ ಬಲೆ, ಟ್ಯಾಂಕಿಗೆ ಮುಚ್ಚಳ ಹಾಕಿಸುವುದಂತೂ ನಿಮ್ಮದೇ ಕೆಲಸ.

ನಮ್ಮ ಧರ್ಮಕೇಂದ್ರ ಮಾಡಬಹುದಾದದ್ದೂ ಇದೆ. ಗಣಕದ ಕಂಪೆನಿಗಳಲ್ಲಿ ದುಡಿಯುವ ನಮ್ಮ ಯುವಕ ಯುವತಿಯರಲ್ಲಿ ಹಿಂದಿ ಬಲ್ಲವರು ಅನೇಕರು. ಕ್ಲಿನಿಕ್ಕಿನಲ್ಲಿ ಮಾತು ತಿಳಿಯದ ರೋಗಿಗೆ ಫೋನಿನಲ್ಲಿ ಐದು ನಿಮಿಷ ಅನುವಾದಿಸಿ ಹೇಳುವುದು ಅವರಿಗೆ ಕಷ್ಟವಲ್ಲ. ವಿನ್ಸೆಂಟ್ ದೆ ಪೌಲ್ ಸಭೆಯವರು, ಕಿರು ಕ್ರೈಸ್ತ ಸಮುದಾಯದವರು ತಮ್ಮ ಬೀದಿಯಲ್ಲಿ ಮಲೇರಿಯ ಬಂದವರಿದ್ದರೆ, ಅವರ ಒಪ್ಪಿಗೆ ಪಡೆದು, ಏಳನೆಯ ದಿನ ಒಮ್ಮೆ, ಹದಿನಾಲ್ಕನೆಯ ದಿನ ಒಮ್ಮೆ ಹೋಗಿ ವಿಚಾರಿಸಲಿ. ಯಾವ ಜಾತಿ, ಯಾವ ಮತ, ಯಾವ ಭಾಷೆ ಎಂದು ಸೊಳ್ಳೆ ಕೇಳುವುದಿಲ್ಲ. ನಾವೂ ಕೇಳುವುದು ಬೇಡ. ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ನಮ್ಮ ಮಕ್ಕಳು ಧರ್ಮೋಪದೇಶದಲ್ಲಿ ಬಾಯಿಪಾಠ ಮಾಡುತ್ತಾರೆ. ದೊಡ್ಡವರು ಮಾಡಿ ತೋರಿಸಿದರೆ ಅವರಿಗೆ ಅರ್ಥವೂ ಆದೀತು.

ಚಳಿ ಬಿಟ್ಟ ದಿನ ದೇವರಿಗೆ ವಂದನೆ ಸಲ್ಲಿಸಿ. ಮಾತ್ರೆಯನ್ನು ಮಾತ್ರ ಹೇಳಿದಷ್ಟು ದಿನವೂ ನುಂಗಿ.